ಹಲಗೆಯ ಹಿಂಬದಿ

ಮೇ ಒಂದರ ಬೆಳಿಗ್ಗೆ ಕಾರ್ಖಾನೆಯ ಉಗ್ರಾಣದ ಬಾಗಿಲು ತೆಗೆದರೆ ಸಾಕು, ಜನ ಮುಗಿಬೀಳುತ್ತಿದ್ದರು.

“ನಿಕಾನೋರಜ್ಜ, ಎರಕದವರಿಗೆ ಬೆಣೆ ಕೊಡು.”

“ಏಣಿ ನಮ್ದು. ಹೋದ್ಸಲ ಲೇತಿನವರು ಹೊಡ್ಕೊಂಡು ಹೋಗಿದ್ರು.”

“ನನ್ನ ಚಂದ್ರನ್ನ ಯಾರಾದ್ರೂ ಮುಟ್ಟಿದ್ರೆ ಕೈ ಮುರೀತೀನಿ ನೋಡಿ.”

ಕೊನೆಯ ದನಿ ಗ್ಲಾಫಿರಾಳದು. ಎರಕದ ಮನೆಯಲ್ಲಿ ಅಚ್ಚಿನ ಮರಳು ಹೊರುವವಳು. ಅವಳ ಭುಜ ನೋಡಿದ ಮೇಲೆ ಯಾರೂ ಕೈಯನ್ನು ಪಣಕ್ಕಿಡುತ್ತಿರಲಿಲ್ಲ.

ಅವರು ಕೇಳುತ್ತಿದ್ದುದು ಮೆರವಣಿಗೆಯ ಹಲಗೆಗಳನ್ನು. ಉದ್ದನೆಯ ಕೋಲಿಗೆ ಮೊಳೆ ಹೊಡೆದ ಪ್ಲೈವುಡ್ಡು. ಮುಂಬದಿಯಲ್ಲಿ ಕೆಂಪಿನ ಮೇಲೆ ಬಿಳಿ ಅಕ್ಷರ. ದುಡಿಮೆಗೆ ಜಯ. ಲೋಕಕ್ಕೆ ಶಾಂತಿ. ಪಕ್ಷವೂ ಜನರೂ ಒಂದೇ. ಆ ಅಕ್ಷರ ನೋಡಿ ಯಾರೂ ಹಲಗೆ ಕೇಳುತ್ತಿರಲಿಲ್ಲ. ಅಕ್ಷರ ಆಗಾಗ ಬದಲಾಗುತ್ತಿತ್ತು. ಮೇಲಿನವರಿಗೆ ಯಾವ ವರ್ಷ ಯಾವುದರ ಮೇಲೆ ಪ್ರೀತಿ ಹುಟ್ಟುತ್ತದೋ ಯಾರಿಗೆ ಗೊತ್ತು. ಬದಲಾಗದೆ ಉಳಿಯುತ್ತಿದ್ದುದು ಹಿಂಬದಿ. ಅಲ್ಲಿ ಒಂದೊಂದು ಹಲಗೆಗೆ ಒಂದೊಂದು ಆಕಾರ. ಒಂದರಲ್ಲಿ ಬಿಳಿಯನ್ನು ಸೀಳಿಕೊಂಡು ಬರುವ ಕೆಂಪು ಬೆಣೆ. ಇನ್ನೊಂದರಲ್ಲಿ ಒಂದರ ಮೇಲೊಂದು ಕಪ್ಪು ಪಟ್ಟಿ, ಮೇಲೆ ಹೋದಂತೆ ತೆಳುವಾಗುತ್ತಿತ್ತು. ಗ್ಲಾಫಿರಾಳದರಲ್ಲಿ ಕಪ್ಪಿನ ಮೇಲೆ ಬಿಳಿ ವೃತ್ತ. ನಟ್ಟ ನಡುವೆ ಇರಲಿಲ್ಲ. ಬಲಗಡೆಯ ಅಂಚಿಗೆ ಬಂದು ನಿಂತಿತ್ತು, ಇನ್ನೊಂದು ಉಸಿರಿಗೆ ಹಲಗೆಯಿಂದ ಹೊರಗೆ ಉರುಳುವಂತೆ.

ಉಗ್ರಾಣದ ಮೂಲೆಯಲ್ಲಿ ತೈಸಿಯಾ ನಿಂತಿರುತ್ತಿದ್ದಳು. ತಲೆಗೆ ಉಣ್ಣೆಯ ಚೌಕ, ಕೈ ಎರಡೂ ಜೇಬಿನಲ್ಲಿ. ಟರ್ಪೆಂಟೈನಿಗೆ ಸೀಳಿದ ಬೆರಳುಗಳನ್ನು ಅವಳು ಹಬ್ಬದ ದಿನ ಯಾರಿಗೂ ತೋರಿಸುತ್ತಿರಲಿಲ್ಲ. ಘೋಷಣೆ ಬರೆಯುವುದು ಅವಳ ಕೆಲಸ. ಹಿಂಬದಿ ಬರೆದವಳೂ ಅವಳೇ. ಅದನ್ನು ಬರೆ ಎಂದು ಯಾರೂ ಹೇಳಿರಲಿಲ್ಲ.

ಹಿಂದೊಮ್ಮೆ ಅವಳು ರಾಜಧಾನಿಯಲ್ಲಿ ಚಿತ್ರಕಲೆಯ ವಿದ್ಯಾರ್ಥಿನಿ. ಕುಲುಮೆಯ ಮುಂದೆ ನಗುವ ಕಾರ್ಮಿಕನನ್ನು ಬರೆದು ತಾ ಎಂದರು. ಅವಳು ಒಂದು ಬೇಸಿಗೆ ಪೂರ್ತಿ ಕುಲುಮೆಯ ಮುಂದೆ ಸಲಿಕೆ ಹಿಡಿದು ನಿಂತಳು. ಅಲ್ಲಿ ಯಾರೂ ನಗುತ್ತಿರಲಿಲ್ಲ. ಅವಳಿಗೆ ಕಂಡದ್ದು ಒಂದು ಬಿಳಿ ಬಾಯಿ, ಅದರ ಎದುರು ಒಂದು ಕಪ್ಪು ಗೆರೆ. ಅದನ್ನೇ ಬರೆದಳು. ಹೊರಗೆ ಹಾಕಿದರು. ಹೊರಗೆ ಹಾಕಿದವಳಿಗೆ ಕಲಾವಿದರ ಸಂಘದಲ್ಲಿ ಜಾಗವಿಲ್ಲ. ಸಂಘದ ಚೀಟಿ ಇಲ್ಲದಿದ್ದರೆ ಬಣ್ಣದ ಅಂಗಡಿಯ ಬಾಗಿಲು ತೆರೆಯುವುದಿಲ್ಲ. ಕೆಲಸ ಮಾಡಲು ಕೋಣೆ ಸಿಗುವುದಿಲ್ಲ. ಗೋಡೆಯಂತೂ ಸಿಗುವುದೇ ಇಲ್ಲ. ಉದ್ಯೋಗವಿಲ್ಲದೆ ಸುಮ್ಮನೆ ಚಿತ್ರ ಬರೆದುಕೊಂಡು ಕೂತರೆ ಸಮಾಜದ ರಕ್ತ ಹೀರುವ ಜಿಗಣೆ ಎಂದು ಹಿಡಿದು ಗಡಿಪಾರು ಮಾಡುವ ಕಾನೂನೇ ಇತ್ತು. ಹೀಗೆ ಅವಳು ಈ ಊರಿಗೆ ಬಂದಳು. ಮಾಸ್ಕೋದಿಂದ ರೈಲಿನಲ್ಲಿ ಅರ್ಧ ದಿನ. ಕೋಣೆ ಬೆಚ್ಚಗಿಡುವ ಕಬ್ಬಿಣದ ರೇಡಿಯೇಟರುಗಳನ್ನು ಎರಕ ಹೊಯ್ಯುವ ಕಾರ್ಖಾನೆ. ಹೊಯ್ಯುವವರು ಇರುವ ಮರದ ವಠಾರಗಳಲ್ಲಿ, ಬರಾಕುಗಳಲ್ಲಿ, ಮಾತ್ರ ರೇಡಿಯೇಟರ್ ಇರಲಿಲ್ಲ.

ಘೋಷಣೆಗೆ ಬೇಕಾದ ಬಣ್ಣ ಮೂರೇ. ಕೆಂಪು, ಬಿಳಿ, ನಾಯಕರ ಗಡ್ಡ ಮೀಸೆಗೆ ಕಪ್ಪು. ಡಬ್ಬದ ತಳದಲ್ಲಿ ಉಳಿದದ್ದು ಅವಳದು. ಆ ಮೂರರಲ್ಲೇ ಅವಳು ಹದಿನೈದು ವರ್ಷ ಕಳೆದಳು. ಒಮ್ಮೆ ಯಾವುದೋ ಶಾಂತಿ ಸಮ್ಮೇಳನಕ್ಕೆಂದು ಪಾರಿವಾಳ ಬರೆಯಬೇಕಾಯಿತು. ಆಕಾಶಕ್ಕೆ ನೀಲಿ ಕೊಟ್ಟರು. ಪಾರಿವಾಳಗಳನ್ನು ಒಂದಕ್ಕೊಂದು ಒತ್ತಿ ಬರೆದು, ಆಕಾಶ ಕಡಿಮೆ ಮಾಡಿ, ಒಂದು ಲೋಟ ನೀಲಿ ಉಳಿಸಿಕೊಂಡಳು. ಆ ಚಳಿಗಾಲ ಅವಳಷ್ಟು ಶ್ರೀಮಂತರು ಊರಲ್ಲಿ ಯಾರೂ ಇರಲಿಲ್ಲ.

ಮೊದಮೊದಲು ಉಗ್ರಾಣದ ನಿಕಾನೋರಜ್ಜ ಕೇಳಿದ್ದ, “ಇದೇನಮ್ಮಾ ಹಿಂದುಗಡೆ?”

ಅವಳಿಗೆ ಬಾಯಿಗೆ ಬಂದದ್ದು ಹೇಳಿದ್ದಳು. “ಗುರುತು ಅಜ್ಜ. ಯಾವ ಹಲಗೆ ಯಾವ ವಿಭಾಗದ್ದು ಅಂತ ಗೊತ್ತಾಗ್ಲಿ ಅಂತ.”

“ಒಳ್ಳೇ ಕೆಲ್ಸ ಮಾಡಿದೆ. ಓದೋಕೆ ಕನ್ನಡಕ ಬೇಕು, ಇದಕ್ಕೆ ಬೇಡ.”

ಅಲ್ಲಿಂದ ಅದೇ ಪದ್ಧತಿಯಾಯಿತು. ಜನ ಗುರುತು ಹಿಡಿದು ಹಲಗೆ ಕೇಳಿದರು. ಗುರುತಿಗೆ ಹೆಸರಿಟ್ಟರು. ಬೆಣೆ, ಏಣಿ, ಗರಗಸ, ಕಿಟಕಿ.

“ಅದು ಚಂದ್ರ ಅಲ್ಲ, ಗ್ಲಾಶಾ,” ಎಂದು ತೈಸಿಯಾ ಒಮ್ಮೆ ಗ್ಲಾಫಿರಾಳಿಗೆ ಹೇಳಿದ್ದಳು.

“ಮತ್ತೇನು?”

“ವೃತ್ತ.”

“ವೃತ್ತಕ್ಕೆ ಒಂದು ಹೆಸರು ಬೇಡ್ವೇನೆ ಪಾಪ. ಚಂದ್ರ ಅಂತೀನಿ, ಇದ್ಕೊಳ್ಳಲಿ.”

ಮೆರವಣಿಗೆಯಲ್ಲಿ ಹಲಗೆಯ ಮುಖ ಮುಂದಕ್ಕಿರುತ್ತದೆ. ಹಿಂದಿನ ಸಾಲಿನವರಿಗೆ ಕಾಣುವುದು ಬೆನ್ನು. ತೈಸಿಯಾ ಯಾವಾಗಲೂ ಕೊನೆಯ ಸಾಲಿನಲ್ಲಿ ನಡೆಯುತ್ತಿದ್ದಳು. ನದಿಯ ಸೇತುವೆಯ ಮೇಲೆ ಮೆರವಣಿಗೆ ಪ್ರತಿ ಸಲವೂ ನಿಂತುಹೋಗುತ್ತಿತ್ತು. ಮುಂದೆ ಜವಳಿ ಗಿರಣಿಯವರು ಚೌಕ ದಾಟುವತನಕ ಕಾಯಬೇಕು. ಗಂಡಸರು ಕೋಟಿನೊಳಗಿಂದ ಶೀಸೆ ತೆಗೆಯುತ್ತಿದ್ದರು. ಹೆಂಗಸರು ಸೂರ್ಯಕಾಂತಿ ಬೀಜ ಒಡೆಯುತ್ತಿದ್ದರು. ತೈಸಿಯಾ ತಲೆ ಎತ್ತಿ ನೋಡುತ್ತಿದ್ದಳು. ತಿಳಿ ಆಕಾಶದ ಕೆಳಗೆ ಅವಳ ಹದಿನೈದು ವರ್ಷ ಸಾಲಾಗಿ ನಿಂತಿರುತ್ತಿತ್ತು. ಸೇತುವೆಯ ಮೇಲಿನ ಆ ಹೊತ್ತೇ ಅವಳಿಗೆ ಸಿಕ್ಕ ಚಿತ್ರ ಪ್ರದರ್ಶನ. ಮಾಸ್ಕೋದಿಂದ ಹಳೆಯ ಗೆಳೆಯನೊಬ್ಬ ಹೇಳಿಕಳಿಸಿದ್ದ: ನಮ್ಮ ಮನೆಯ ಅಡುಗೆಕೋಣೆಯಲ್ಲಿ ಗುಟ್ಟಾಗಿ ಚಿತ್ರ ತೂಗುಹಾಕುತ್ತೇವೆ, ನಿನ್ನದನ್ನೂ ತಾ. ಅವಳು ಹೇಗೆ ಒಯ್ಯಬೇಕಿತ್ತು? ಬೆನ್ನು ಅವಳದು, ಹಲಗೆ ಸರ್ಕಾರದ್ದು. ಗೇಟಿನಲ್ಲಿ ಕಾವಲುಗಾರ ಹೆಂಗಸರ ಕೈಚೀಲವನ್ನೂ ಬಿಡದೆ ತಡಕುತ್ತಿದ್ದ.

ಚೌಕದಲ್ಲಿ ನಾಯಕರ ಅಟ್ಟಣೆ ಎಡಗಡೆ. ಸೀಟಿ ಊದಿದ ಕೂಡಲೇ ಹಲಗೆ ಹೊತ್ತವರೆಲ್ಲ ಕೋಲನ್ನು ಎಡಕ್ಕೆ ತಿರುಗಿಸಬೇಕು, ನಾಯಕರಿಗೆ ಘೋಷಣೆ ಕಾಣಬೇಕು. ವರ್ಷಕ್ಕೆ ಎರಡು ಸಲ, ಮೇ ದಿನಕ್ಕೆ, ನವೆಂಬರಿನ ಕ್ರಾಂತಿ ದಿನಕ್ಕೆ. ಕೈಗೆ ಅಭ್ಯಾಸವಾಗಿಹೋಗಿತ್ತು. ಕುಡಿದು ತೂರಾಡುವವನ ಕೈಯೂ ಸೀಟಿ ಕೇಳಿದರೆ ಎಡಕ್ಕೆ ತಿರುಗುತ್ತಿತ್ತು.

ಆ ವರ್ಷ ಎಡಗಡೆಯ ಕಟ್ಟಡ ರಿಪೇರಿಯಲ್ಲಿತ್ತು. ಅಟ್ಟಣೆಯನ್ನು ಬಲಗಡೆ ಕಟ್ಟಿದ್ದರು. ಬೆಳಿಗ್ಗೆ ಎಲ್ಲರಿಗೂ ಹೇಳಿದ್ದರು, “ಈ ಸಲ ಬಲಕ್ಕೆ. ಮರೀಬೇಡಿ, ಬಲಕ್ಕೆ.” ಎಲ್ಲರೂ ತಲೆಯಾಡಿಸಿದ್ದರು.

ಸೀಟಿ ಊದಿತು. ಹದಿನೈದು ವರ್ಷದ ಕೈಗಳು ಎಡಕ್ಕೆ ತಿರುಗಿದವು.

ದುಡಿಮೆಗೆ ಜಯ ಎಂಬುದು ಸಾರುವೆ ಕಟ್ಟಿದ ಖಾಲಿ ಗೋಡೆಗೆ ಕಂಡಿತು. ಅಟ್ಟಣೆಯ ಮುಂದೆ ಸಾಗಿದ್ದು ಕೆಂಪು ಬೆಣೆ. ಕಪ್ಪು ಏಣಿ. ನೀಲಿ ಕಿಟಕಿ. ಬಿಳಿ ವೃತ್ತ. ಧ್ವನಿವರ್ಧಕ ಗಂಟಲು ಹರಿದುಕೊಳ್ಳುತ್ತಲೇ ಇತ್ತು. ರೇಡಿಯೇಟರ್ ಕಾರ್ಖಾನೆಯ ವೀರ ಕಾರ್ಮಿಕರಿಗೆ ಜಯವಾಗಲಿ. ಅಟ್ಟಣೆಯ ಮೇಲಿನ ಟೊಪ್ಪಿಗಳು ಎಂದಿನಂತೆ ಕೈ ಬೀಸಿದವು. ಅವರು ಯಾವ ವರ್ಷವೂ ಓದಿರಲಿಲ್ಲ, ಈ ವರ್ಷವೂ ನೋಡಲಿಲ್ಲ. ತೈಸಿಯಾ ಕೊನೆಯ ಸಾಲಿನಿಂದ ನೋಡಿದಳು. ಒಂದು ಗಳಿಗೆ, ಒಂದೇ ಗಳಿಗೆ, ಭಯಕ್ಕಿಂತ ಮುಂಚೆ ಬೇರೇನೋ ಬಂತು. ಇಡೀ ಊರು ತನ್ನ ಚಿತ್ರ ನೋಡುತ್ತಿದೆ.

ಅಟ್ಟಣೆಯ ಮೇಲೆ ಒಬ್ಬನೇ ಒಬ್ಬ ಕೈ ಬೀಸುವುದನ್ನು ನಿಲ್ಲಿಸಿದ್ದ.

ಅವನ ದೂರಿನ ಮೇಲೆ ಒಂದು ವಾರಕ್ಕೆ ವಿಚಾರಣೆ ಇಟ್ಟರು. ಕಾರ್ಖಾನೆಯ ಸಭೆಯ ಕೋಣೆ. ಕೆಂಪು ಬಟ್ಟೆ ಹಾಸಿದ ಮೇಜು. ಹಲಗೆಗಳನ್ನೆಲ್ಲ ತಂದು ಮುಖ ಗೋಡೆಗೆ, ಬೆನ್ನು ಹೊರಗೆ ಮಾಡಿ ನಿಲ್ಲಿಸಿದ್ದರು. ಬದುಕಿನಲ್ಲಿ ಮೊದಲ ಸಲ ಅವಳ ಚಿತ್ರಗಳಿಗೆ ಗೋಡೆ ಸಿಕ್ಕಿತ್ತು. ಎರಡನೇ ಪಾಳಿ ಮುಗಿಸಿದವರನ್ನು ಮೈ ತೊಳೆಯಲೂ ಬಿಡದೆ ಕರೆತಂದು ಬೆಂಚಿನ ಮೇಲೆ ಕೂರಿಸಿದ್ದರು.

ಕಾರ್ಖಾನೆಯ ಪಕ್ಷದ ಕಾರ್ಯದರ್ಶಿ ಗುರ್ಯೇವ್. ಕೆಟ್ಟವನಲ್ಲ ಎಂದು ಜನ ಹೇಳುತ್ತಿದ್ದರು. ಕೆಟ್ಟದ್ದನ್ನು ಮಾಡುವಾಗ ಅವನಿಗೆ ಬೆವರು ಬರುತ್ತಿತ್ತು, ಅಷ್ಟಕ್ಕೇ. ಪಕ್ಕದಲ್ಲಿ ಕಲಾವಿದರ ಸಂಘದಿಂದ ಬಂದ ತಜ್ಞ, ಮೆತ್ತನೆಯ ಕೈಯವನು.

ತಜ್ಞ ಎದ್ದು ಹಲಗೆಗಳ ಮುಂದೆ ಅತ್ತಿಂದಿತ್ತ ನಡೆದ. “ಎಲ್ಲಾ ನೋಡಿದೆ. ಕಾರ್ಮಿಕರು ತಮ್ಮ ಹೆಗಲ ಮೇಲೆ ಇದನ್ನ ಹೊತ್ತಿದ್ದಾರೆ. ಆದ್ರೆ ಇದರಲ್ಲಿ ಮನುಷ್ಯ ಎಲ್ಲಿದ್ದಾನೆ? ನಾನು ಕೇಳ್ತಿರೋದು ಇಷ್ಟೇ. ಮನುಷ್ಯ ಎಲ್ಲಿ?”

ತೈಸಿಯಾ ಕೂತಲ್ಲಿಂದಲೇ ಹೇಳಿದಳು. “ಕೆಳಗಿದ್ದಾನೆ. ಕೋಲು ಹಿಡ್ಕೊಂಡು.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕು, ಕೆಮ್ಮಿದಂತೆ ಮಾಡಿದರು.

ಗುರ್ಯೇವ್ ಮೇಜು ಕುಟ್ಟಿದ. “ತೈಸಿಯಾ ಪ್ರೋಖೊರೊವ್ನಾ, ನಾಲಿಗೆ ಬಿಗಿಹಿಡೀರಿ. ಇವತ್ತು ನಿಮ್ಮ ಒಳ್ಳೇದಕ್ಕೇ ಸೇರಿದೀವಿ.” ಕೂತವರ ಕಡೆ ತಿರುಗಿದ. “ಇದರ ಬಗ್ಗೆ ಯಾರಿಗಾದ್ರೂ ಏನಾದ್ರೂ ಗೊತ್ತಿದ್ರೆ ಹೇಳಿ.”

ಗ್ಲಾಫಿರಾ ಎದ್ದಳು. ಹುಬ್ಬಿನಲ್ಲಿ ಇನ್ನೂ ಮರಳಿತ್ತು. “ಗೊತ್ತಿಲ್ದೆ ಏನು? ಅದು ಗುರುತು ಕಾಮ್ರೇಡ್. ಉಗ್ರಾಣದ ಗುರುತು. ಬೆಣೆ ಎರಕದವರ್ದು, ಏಣಿ ಮಾದರಿ ಮಾಡೋರ್ದು. ಇಲ್ದಿದ್ರೆ ಇವರು ಹಲಗೆಗೆ ಹೊಡೆದಾಡ್ಕೊಂಡು ಸಾಯ್ತಾರೆ. ನಿಕಾನೋರಜ್ಜನ್ನ ಕೇಳಿ ಬೇಕಾದ್ರೆ.”

“ಹೌದು, ಗುರುತೇ,” ಎಂದ ಅಜ್ಜ.

“ಗುರುತು, ಗುರುತು,” ಎಂದರು ಬೆಂಚಿನವರು.

ಗುರ್ಯೇವನ ಮುಖದ ಬೆವರು ಆರಿತು. ಅವನಿಗೆ ಬೇಕಾದದ್ದೂ ಅದೇ. ತನ್ನ ಕಾರ್ಖಾನೆಯಲ್ಲಿ ಹದಿನೈದು ವರ್ಷ ಇಂಥದ್ದು ನಡೆದಿದೆ ಎಂದರೆ ಮೊದಲು ಉರುಳುವುದು ಅವನ ತಲೆ. ದನಿ ಮೆತ್ತಗೆ ಮಾಡಿದ. “ನೋಡಿ, ಆಯ್ತಲ್ಲ. ಉಗ್ರಾಣದ ಗುರುತು. ಜಾಣತನದ ಗುರುತಲ್ಲ, ಅಷ್ಟೇ. ತೈಸಿಯಾ ಪ್ರೋಖೊರೊವ್ನಾ, ನೀವೂ ಅದನ್ನೇ ಹೇಳಿ. ಆಮೇಲೆ ನೆಲಕ್ಕೆ ಬಳಿಯೋ ಕಂದು ಬಣ್ಣ ತಗೊಂಡು ನಿಮ್ಮ ಕೈಯಾರೆ ಹಿಂಬದಿ ಬಳಿದುಬಿಡಿ. ನವೆಂಬರಿಗೆ ಹಲಗೆ ಬೇಕು, ಸುಡೋ ಹಾಗೂ ಇಲ್ಲ. ನಾಳೆಯಿಂದ ನಿಮ್ಮ ಕೆಲಸ ನಿಮಗೆ.”

ಗ್ಲಾಫಿರಾ ತೈಸಿಯಾಳ ಕಡೆ ನೋಡಿ ತಲೆಯಾಡಿಸಿದಳು. ಹೇಳು ಎಂಬಂತೆ. ಹೇಳಿಬಿಡೇ, ಒಂದು ಮಾತು ತಾನೆ.

ತೈಸಿಯಾ ಎದ್ದಳು. ಆ ಮಾತು ಅವಳದೇ. ಅವಳೇ ಹುಟ್ಟಿಸಿದ್ದು, ಹದಿನೈದು ವರ್ಷ ಅದರ ನೆರಳಲ್ಲೇ ಬದುಕಿದ್ದು. ಕಣ್ಣೆದುರು ಬಿಳಿ ವೃತ್ತ ಇತ್ತು. ಅದರ ಅಂಚು ತರಲು ಅವಳು ಒಂದು ಚಳಿಗಾಲ ಕಳೆದಿದ್ದಳು. ಹೆಪ್ಪುಗಟ್ಟಿದ ಉಗ್ರಾಣದಲ್ಲಿ ಬಣ್ಣದ ಡಬ್ಬವನ್ನು ಹೊಟ್ಟೆಗೆ ಕಟ್ಟಿಕೊಂಡು ಬೆಚ್ಚಗಿಟ್ಟಿದ್ದಳು, ಬಸುರಿಯಂತೆ. ಬಾಯಿ ತೆರೆದಳು. ಗುರುತು ಎಂಬ ಪದ ಬರಲಿಲ್ಲ.

“ಗುರುತಲ್ಲ,” ಎಂದಳು. “ಅದು ಚಿತ್ರ. ನಾನು ಬರೆದದ್ದು.”

ನಿಕಾನೋರಜ್ಜನ ಕಡೆ ಕೈ ತೋರಿಸಿದಳು.

“ಅಜ್ಜನಿಗೆ ಗುರುತು ಅಂತ ಸುಳ್ಳು ಹೇಳಿದವಳು ನಾನು. ಇವರೆಲ್ಲ ನಂಬಿದ್ರು. ನನ್ನ ಕೈಯಲ್ಲಿ ಬಳಿಯೋಕಾಗಲ್ಲ. ನೀವು ಬಳೀರಿ. ಬಣ್ಣ ನಿಮ್ಮದು, ಹಲಗೆ ನಿಮ್ಮದು, ಕಾನೂನೂ ನಿಮ್ಮದೇ. ನನ್ನ ಕೈ ಮಾತ್ರ ಕೇಳಬೇಡಿ.”

ಗುರ್ಯೇವನ ಕುತ್ತಿಗೆ ಕೆಂಪಾಯಿತು. ಅವನು ತೈಸಿಯಾಳನ್ನು ನೋಡಲಿಲ್ಲ. ಗ್ಲಾಫಿರಾಳನ್ನು ನೋಡಿದ.

“ಹಾಗಾದ್ರೆ ಸಭೆಯ ಮುಂದೆ ಸುಳ್ಳು ಹೇಳಿದ್ದು ನೀವು. ಕಾರ್ಖಾನೆ ಕೊಡೋ ಹೊಸ ಮನೆಯ ಸರದಿಯಲ್ಲಿ ಇದ್ದೀರಲ್ವಾ ನೀವು? ಮಗಳಿಗೆ ಎದೆ ಕಾಯಿಲೆ ಅಂತ ಅರ್ಜಿ ಕೊಟ್ಟಿದ್ರಿ.”

ಗ್ಲಾಫಿರಾ ನಿಂತೇ ಇದ್ದಳು. ಆ ದೊಡ್ಡ ಭುಜಗಳು ಇದ್ದಕ್ಕಿದ್ದಂತೆ ಯಾರದೋ ಅಂಗಿ ತೊಟ್ಟಂತೆ ಜೋತುಬಿದ್ದವು.

“ನೀವೇ ಬಳೀರಿ,” ಎಂದ ಗುರ್ಯೇವ್. “ನಿಮ್ಮ ವಿಭಾಗದವರನ್ನ ಸೇರಿಸ್ಕೊಳ್ಳಿ. ನಿಮ್ಮದನ್ನ ಮಾತ್ರ ನೀವೇ. ನಾನೇ ಬಂದು ನೋಡ್ತೀನಿ.”

ಚಿತ್ರವನ್ನು ಅಳಿಸಲು ಅವರ ಬಳಿ ನೂರು ಕೈಗಳಿದ್ದವು. ಆ ನೂರರಲ್ಲಿ ಹುಡುಕಿ, ಆ ಚಿತ್ರವನ್ನು ಪ್ರೀತಿಸಿದ್ದ ಒಂದೇ ಕೈಯನ್ನು ಆರಿಸಿದರು. ಗೆಳತಿಯನ್ನೇ ಕುಂಚ ಮಾಡಿಕೊಂಡರು. ಇದನ್ನು ಯಾವ ಕಲಾಶಾಲೆಯಲ್ಲಿ ಕಲಿಸುತ್ತಾರೋ.

ಕೆಲಸದಿಂದ ತೆಗೆದುಹಾಕಿದ ಮೇಲೆ ಉಗ್ರಾಣದ ಬೀಗದಕೈ ಒಪ್ಪಿಸಲು ತೈಸಿಯಾ ಹೋದಾಗ ಬಳಿಯುವ ಕೆಲಸ ನಡೆದಿತ್ತು. ಗಂಡಸರು ಬಾಯಲ್ಲಿ ಸಿಗರೇಟು ಕಚ್ಚಿಕೊಂಡು, ಬಣ್ಣ ನೆಲಕ್ಕೆ ಚೆಲ್ಲಿಕೊಂಡು, ಮೇಲೆ ಮೇಲೆ ಸವರಿ ಎಸೆಯುತ್ತಿದ್ದರು. ಗ್ಲಾಫಿರಾ ಮೂಲೆಯಲ್ಲಿ ಮಂಡಿಯೂರಿದ್ದಳು. ಕೈಯಲ್ಲಿ ಸ್ಯಾಂಡ್‌ಪೇಪರ್. ಬಿಳಿ ವೃತ್ತವನ್ನು ಉಜ್ಜುತ್ತಿದ್ದಳು. ಸುತ್ತಿ ಸುತ್ತಿ, ಹೊಳಪು ಹೋಗುವತನಕ.

ಅದನ್ನು ಕಲಿಸಿದ್ದು ತೈಸಿಯಾಳೇ. ಹಿಂದಿನ ವಸಂತದಲ್ಲಿ ಗ್ಲಾಫಿರಾಳ ಬರಾಕಿನ ಕೋಣೆಗೆ ಇದೇ ಕಂದು ಬಳಿಯುವಾಗ ಇಬ್ಬರೂ ಹೀಗೇ ಮಂಡಿಯೂರಿದ್ದರು. ಉಪ್ಪು ಮೀನು, ಕಪ್ಪು ರೊಟ್ಟಿ, ಒಂದಿಷ್ಟು ವೋಡ್ಕಾ. ಮಂಚದ ಮೇಲಿಂದ ಗ್ಲಾಫಿರಾಳ ಮಗಳು ನ್ಯೂರಾ ಕೆಮ್ಮುತ್ತಾ ನಗುತ್ತಿದ್ದಳು. “ಹಳೇ ಬಣ್ಣ ಉಜ್ಜದೆ ಹೊಸದು ಬಳಿದ್ರೆ ಒಂದು ಚಳಿಗೆ ಎದ್ದುಬರುತ್ತೆ, ಗ್ಲಾಶಾ. ಉಜ್ಜಿದ್ರೆ ನಿನ್ನ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ,” ಎಂದಿದ್ದಳು ತೈಸಿಯಾ.

ಗ್ಲಾಫಿರಾ ತಲೆ ಎತ್ತಲಿಲ್ಲ. “ಗುರ್ಯೇವ್ ಉಗುರಲ್ಲಿ ಕೆರೆದು ನೋಡ್ತಾನಂತೆ,” ಎಂದಳು. ಸ್ವಲ್ಪ ಹೊತ್ತು ಉಜ್ಜಿದಳು. “ಒಂದು ಮಾತು ಹೇಳಿದ್ರೆ ನಿನ್ನ ಗಂಟು ಏನು ಹೋಗ್ತಿತ್ತೇ?”

ತೈಸಿಯಾ ಬೀಗದಕೈ ಮೊಳೆಗೆ ನೇತುಹಾಕಿ ಹೊರಟಳು. ಸರಿ ಮಾಡಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಅದರ ಬೆಲೆ ತೆರುತ್ತಿರುವುದು ಯಾರ ಮಂಡಿ ಎಂಬುದೂ ಗೊತ್ತಿತ್ತು.

ಆ ಬೇಸಿಗೆ ಪೂರ್ತಿ ಅವಳು ಊರಿನ ಸ್ನಾನಗೃಹದ ಒಲೆಗೆ ಕಲ್ಲಿದ್ದಲು ಹಾಕಿದಳು. ಬೇರೆ ಯಾವ ಕೆಲಸವನ್ನೂ ಯಾರೂ ಕೊಡಲಿಲ್ಲ. ಬೆನ್ನು ಬಾಗಿತು. ಉಗುಳು ಕಪ್ಪಾಯಿತು. ಒಲೆಯ ಬಾಯಿ ತೆರೆದಾಗ ಮತ್ತೆ ಅದೇ ಕಂಡಿತು, ಒಂದು ಬಿಳಿ ಬಾಯಿ, ಎದುರಿಗೆ ಒಂದು ಕಪ್ಪು ಗೆರೆ. ಗೆರೆ ಈಗ ಅವಳೇ. ಬರೆಯಲು ಹಲಗೆ ಇರಲಿಲ್ಲ. ಕೆಲವೊಮ್ಮೆ ನೆಲದ ಮೇಲೆ ಬೂದಿ ಹರಡಿ ಬೆರಳಲ್ಲಿ ಎಳೆಯುತ್ತಿದ್ದಳು, ಪಾಳಿ ಮುಗಿದಾಗ ಗುಡಿಸುತ್ತಿದ್ದಳು. ಗ್ಲಾಫಿರಾ ಶನಿವಾರ ಮಗಳನ್ನು ಕರೆದುಕೊಂಡು ಸ್ನಾನಕ್ಕೆ ಬರುತ್ತಿದ್ದಳು. ಗೋಡೆಯಾಚೆ ನ್ಯೂರಾಳ ಕೆಮ್ಮು ಕೇಳುತ್ತಿತ್ತು. ತೈಸಿಯಾ ಆಗ ಎರಡು ಸಲಿಕೆ ಹೆಚ್ಚು ಹಾಕುತ್ತಿದ್ದಳು.

ನವೆಂಬರ್ ಬಂತು. ತೈಸಿಯಾ ಸೇತುವೆಯ ಕಾಲುದಾರಿಯ ಮೇಲೆ, ಹಗ್ಗದ ಈಚೆಗೆ ನಿಂತಳು. ಅವಳಿಗೀಗ ಯಾವ ಸಾಲೂ ಇರಲಿಲ್ಲ. ಹಿಮ ಪುಡಿಪುಡಿಯಾಗಿ ಬೀಳುತ್ತಿತ್ತು. ರೇಡಿಯೇಟರ್ ಕಾರ್ಖಾನೆಯವರು ಬಂದರು, ಎಂದಿನಂತೆ ಸೇತುವೆಯ ಮೇಲೆ ನಿಂತರು. ಕೆಲವರು ಅವಳನ್ನು ನೋಡಿ ಟೊಪ್ಪಿ ಸರಿಮಾಡಿಕೊಂಡರು. ಕೆಲವರು ಬೀಜ ಒಡೆಯುವುದರಲ್ಲಿ ಮುಳುಗಿದರು.

ಅವಳು ಬೆನ್ನುಗಳನ್ನು ನೋಡಿದಳು. ಎಲ್ಲವೂ ಕಂದು.

ಇಲ್ಲ, ಎಲ್ಲವೂ ಅಲ್ಲ. ಮೊದಲ ಚಳಿಗೇ ಕಂದು ಬಿರುಕುಬಿಟ್ಟಿತ್ತು. ಒಂದರಲ್ಲಿ ಬೆಣೆಯ ಕೆಂಪು ತುದಿ ಹೊರಗೆ ಇಣುಕಿತ್ತು. ಇನ್ನೊಂದರಲ್ಲಿ ಅಂಗೈಯಗಲ ಸಿಪ್ಪೆ ಎದ್ದು ನೀಲಿ ಕಾಣುತ್ತಿತ್ತು. ಬೇಕಾಬಿಟ್ಟಿ ಬಳಿದವರ ಹಲಗೆಗಳಲ್ಲಿ ಅವಳ ಚಿತ್ರ ಅಲ್ಲಲ್ಲಿ ಉಸಿರಾಡುತ್ತಿತ್ತು.

ಗ್ಲಾಫಿರಾಳ ಹಲಗೆ ಮಾತ್ರ ಒಂದೇ ಸಮನೆ. ಒಂದು ಬಿರುಕಿಲ್ಲ, ಒಂದು ಗುಳ್ಳೆಯಿಲ್ಲ. ಹೇಳಿಕೊಟ್ಟಂತೆಯೇ ಮಾಡಿದ್ದಳು. ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ.

ತೈಸಿಯಾಳ ಗಂಟಲಿನಿಂದ ಏನೋ ಸದ್ದು ಬಂದಿರಬೇಕು. ಗ್ಲಾಫಿರಾ ತಿರುಗಿದಳು. ಮೇ ತಿಂಗಳ ನಂತರ ಮೊದಲ ಸಲ ಇಬ್ಬರ ಕಣ್ಣೂ ಕೂಡಿದವು. ಗ್ಲಾಫಿರಾ ಅವಳನ್ನು ನೋಡಿದಳು. ಮೇಲಿನ ಹಲಗೆ ನೋಡಿದಳು. ಸುತ್ತಲಿನ ಹಲಗೆಗಳ ಸಿಪ್ಪೆ ಎದ್ದ ಬೆನ್ನುಗಳನ್ನು ನೋಡಿದಳು. ಯಾವುದೋ ಲೆಕ್ಕ ಅವಳ ಮುಖದ ಮೇಲೆ ನಿಧಾನವಾಗಿ ಮುಗಿಯಿತು.

ಅವಳು ಕೋಲನ್ನು ಅರ್ಧ ಸುತ್ತು ತಿರುಗಿಸಿದಳು.

ಕಂದು ಮರೆಯಾಯಿತು. ತೈಸಿಯಾಳ ಕಡೆಗೆ ಅಕ್ಷರಗಳು ಬಂದವು, ಅವಳೇ ಬರೆದ ಅಕ್ಷರಗಳು: ಎಲ್ಲವೂ ಮನುಷ್ಯನ ಒಳಿತಿಗಾಗಿ. ಮುಂದೆ, ಚೌಕದ ಕಡೆಗೆ, ನಾಯಕರ ಕಡೆಗೆ, ಈಗ ಬರಿಯ ಕಂದು. ಗ್ಲಾಫಿರಾ ಬಿಗಿದ ದವಡೆಯಲ್ಲಿ ಹಾಗೇ ನಿಂತಳು. ಈ ಸಲ ಕೈತಪ್ಪಲ್ಲ, ಯಾರೂ ಕೈತಪ್ಪು ಎನ್ನುವಂತಿರಲಿಲ್ಲ. ಮುಂದಿನ ಸಾಲಿನವನು ತಿರುಗಿ ನೋಡಿ, “ಏಯ್ ಗ್ಲಾಶಾ, ತಿರುಗುಮುರುಗು ಹಿಡ್ದಿದೀಯ,” ಎಂದ.

“ನನ್ಗೊತ್ತು. ನಿನ್ನ ಬಾಯಲ್ಲಿರೋ ಬೀಜ ನುಂಗು.”

ತೈಸಿಯಾ ಹಗ್ಗದ ಕೆಳಗೆ ನುಸುಳಿದಳು. ಜನರನ್ನು ತಳ್ಳಿಕೊಂಡು ಹೋಗಿ ಕೋಲನ್ನು ಹಿಡಿದಳು.

“ತಿರುಗಿಸು.”

“ಬಿಡು ಕೈ.”

“ಗ್ಲಾಶಾ, ಮನೆ ಸಿಕ್ತಾ?”

“ವಸಂತಕ್ಕೆ ಅಂದಿದ್ದಾರೆ.”

“ನ್ಯೂರಾ?”

“ಕೆಮ್ಮು ಬಿಟ್ಟಿಲ್ಲ.” ಗ್ಲಾಫಿರಾಳ ಗಲ್ಲದ ಮೇಲೆ ಹಿಮ ಕರಗುತ್ತಿತ್ತು, ಅಥವಾ ಹಿಮವಲ್ಲ. “ಉಜ್ಜಬಾರದಾಗಿತ್ತು ಕಣೇ,” ಎಂದಳು. “ಆ ಕುಡುಕರಿಗೆ ಇರೋ ಬುದ್ಧಿ ನನಗಿರಲಿಲ್ಲ. ಚೆನ್ನಾಗಿ ಮಾಡಿಬಿಟ್ಟೆ. ನನ್ನ ಕೈಗೆ ಕೆಟ್ಟದಾಗಿ ಮಾಡೋಕೇ ಬರಲ್ಲ.”

“ಗೊತ್ತು. ತಿರುಗಿಸು ಈಗ.”

“ನೀನು ಮಾತ್ರ ಇಲ್ಲ ಅನ್ನಬಹುದು, ನಾನು ಅನ್ನಬಾರದಾ?”

ಇಲ್ಲ ಎನ್ನುವ ಒಂದು ಪದವನ್ನು ಕೂಡ ಮೇಲಿನವರು ಸರದಿಯಲ್ಲಿ ನಿಲ್ಲಿಸಿದ್ದರು. ಮಗು ಇಲ್ಲದವಳಿಗೆ ಮೊದಲು, ಮಗು ಇರುವವಳಿಗೆ ಎಂದೂ ಇಲ್ಲ.

“ಅನ್ನಬಹುದು,” ಎಂದಳು ತೈಸಿಯಾ. “ನ್ಯೂರಾ ಬೆಚ್ಚಗೆ ಮಲಗಿದ ಮೇಲೆ ಅನ್ನು.”

ಅವಳು ಕಲ್ಲಿದ್ದಲು ಹಿಡಿದ ತನ್ನ ಕೈಗಳನ್ನು ಗೆಳತಿಯ ಕೈಗಳ ಮೇಲಿಟ್ಟಳು. ಗುರ್ಯೇವನಿಗೆ ಕೊಡದ ಕೈಗಳು. ಒತ್ತಿ ತಿರುಗಿಸಿದಳು. ಘೋಷಣೆ ಮುಂದಾಯಿತು. ಕಂದು ಹಿಂದಾಯಿತು. ಗ್ಲಾಫಿರಾಳ ತೋಳು ಮೊದಲು ಬಿಗಿಯಿತು, ಆಮೇಲೆ ಬಿಟ್ಟುಕೊಟ್ಟಿತು.

ಮುಂದೆ ಜವಳಿಯವರು ಚೌಕ ದಾಟಿದರು. ಸಾಲು ಅಲುಗಿತು. ತೈಸಿಯಾ ಹಗ್ಗದ ಆಚೆಗೆ ಹಿಂದಿರುಗಲಿಲ್ಲ. ಗ್ಲಾಫಿರಾಳ ಹಿಂದೆ ನಡೆದಳು, ತಲೆ ಎತ್ತಿ.

ಸೇತುವೆ ಮುಗಿಯುವಲ್ಲಿ ಪೊಲೀಸಿನವನೊಬ್ಬ ತಡೆದ. “ನಿಂತ್ಕೋ. ಯಾವ ಕಾರ್ಖಾನೆ ನೀನು?”

“ಯಾವುದೂ ಅಲ್ಲ.”

“ಮತ್ತೆ ಇಲ್ಲೇನು ನಿನ್ನ ಕೆಲಸ?”

“ನನ್ನ ಚಿತ್ರದ ಹಿಂದೆ ಹೋಗ್ತಿದೀನಿ.”

ಅವನು ಅವಳು ನೋಡುತ್ತಿದ್ದ ಕಡೆ ನೋಡಿದ. ಅಲ್ಲೊಂದು ಕಂದು ಹಲಗೆ ಇತ್ತು, ಹಿಮದಲ್ಲಿ ಮೇಲೆ ಕೆಳಗೆ ಆಡುತ್ತಾ ದೂರವಾಗುತ್ತಿತ್ತು.

“ಯಾವ ಚಿತ್ರ? ಏನೂ ಇಲ್ವಲ್ಲ ಅಲ್ಲಿ.”

“ಬಲಗಡೆ ಅಂಚಿಗೆ ನೋಡಪ್ಪಾ,” ಎಂದಳು ತೈಸಿಯಾ. “ಇನ್ನೂ ಉರುಳಿ ಬಿದ್ದಿಲ್ಲ.”